ಬೇಟೆಗಾರ ಪೂರ್ವಜರು ಎತ್ತರದ ಪ್ರಸ್ಥಭೂಮಿಗೆ ಒಗ್ಗಿದ್ದು ಹೇಗೆ? ಅದರಿಂದ ನಿಮಗೇನು ಪಾಠ?

ದೆಹಲಿಯಿಂದ ಬೆಳಗಿನ ವಿಮಾನ ಹತ್ತಿದರೆ ತಿಂಡಿಯ ಹೊತ್ತಿಗೆ ನೀವು ಲೇಹ್‌ನಲ್ಲಿರುತ್ತೀರಿ. ಅದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಊರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ತಲೆನೋವು. ಇದಕ್ಕಿಂತಲೂ ಎತ್ತರದ ಜಾಗಗಳಲ್ಲಿ ಶಿಲಾಯುಗದ ಜನ ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕಿದ್ದರು. ಅವರ ದೇಹಕ್ಕೆ ಸಾಧ್ಯವಾದದ್ದು ನಮಗೇಕೆ ಕಷ್ಟ?

ಎತ್ತರದಲ್ಲಿ ಏನಾಗುತ್ತದೆ?

ಎಲ್ಲಿಗೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 21ರಷ್ಟೇ. ಆದರೆ ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. 4,000 ಮೀಟರ್ ಎತ್ತರದಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ 60ರಷ್ಟು ಮಾತ್ರ.

ಅಲ್ಲಿ ಯಾರು, ಯಾವಾಗ ಬದುಕಿದ್ದರು?

ಟಿಬೆಟ್ ಪ್ರಸ್ಥಭೂಮಿಯ ನ್ವ್ಯಾ ದೇವು ಎಂಬಲ್ಲಿ, 4,600 ಮೀಟರ್ ಎತ್ತರದಲ್ಲಿ, 30ರಿಂದ 40 ಸಾವಿರ ವರ್ಷ ಹಿಂದಿನ ಕಲ್ಲಿನ ಉಪಕರಣಗಳು ಸಿಕ್ಕಿವೆ. ಇಥಿಯೋಪಿಯಾದ ಬಾಲೆ ಪರ್ವತಗಳ ಫಿಂಚಾ ಹಬೇರಾ ಕಲ್ಲಾಸರೆ ಸುಮಾರು 3,470 ಮೀಟರ್ ಎತ್ತರದಲ್ಲಿದೆ. ಅಲ್ಲಿ ಜನ ದೊಡ್ಡ ಜಾತಿಯ ಬಿಲದ ಇಲಿಗಳನ್ನು ಸುಟ್ಟು ತಿನ್ನುತ್ತಿದ್ದರು. ಬೆಂಕಿ, ಆಸರೆ, ಹತ್ತಿರದಲ್ಲೇ ನೀರು ಮತ್ತು ಆಹಾರ ಇವೇ ಅವರ ಮೊದಲ ರಕ್ಷಣೆ.

ದೇಹ ಹೇಗೆ ಹೊಂದಿಕೊಂಡಿತು?

ಬಯಲುನಾಡಿನವರು ಎತ್ತರದಲ್ಲಿ ನೆಲೆಸಿದರೆ ದೇಹ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಇದು ಮಿತಿಮೀರಿದರೆ ರಕ್ತ ಗಟ್ಟಿಯಾಗಿ ಹೃದಯಕ್ಕೆ ಹೊರೆಯಾಗುತ್ತದೆ. ಟಿಬೆಟಿಯನ್ನರಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಅವರಲ್ಲಿ ಹೆಚ್ಚಿನವರು ಇಪಿಎಎಸ್1 ಎಂಬ ಜೀನ್‌ನ ವಿಶೇಷ ರೂಪವನ್ನು ಹೊಂದಿದ್ದು, ಅದು ಹಿಮೋಗ್ಲೋಬಿನ್ ಅತಿಯಾಗಿ ಏರದಂತೆ ತಡೆಯುತ್ತದೆ. ಈ ರೂಪ ಬಂದದ್ದು ಈಗ ಅಳಿದುಹೋಗಿರುವ ಡೆನಿಸೋವನ್ ಎಂಬ ಮಾನವ ಬಳಗದಿಂದ ಎಂದು 2014ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದನ್ನು ಪಡೆದವರ ಮಕ್ಕಳು ಹೆಚ್ಚಾಗಿ ಬದುಕುಳಿದು, ತಲೆಮಾರುಗಳ ಮೇಲೆ ತಲೆಮಾರು ಅದು ಹರಡಿತು.

ದಕ್ಷಿಣ ಅಮೆರಿಕದ ಆಂಡೀಸ್‌ನಲ್ಲಿ ದೇಹ ಬೇರೆ ದಾರಿ ಹಿಡಿಯಿತು. ಪೆರುವಿನ ಕುಂಕೈಚಾದಲ್ಲಿ, 4,480 ಮೀಟರ್ ಎತ್ತರದಲ್ಲಿ, ಸುಮಾರು 12,400 ವರ್ಷ ಹಿಂದೆಯೇ ಬೇಟೆಗಾರರಿದ್ದರು. ಇಂದಿನ ಆಂಡೀಸ್ ನಿವಾಸಿಗಳಲ್ಲಿ ಹಿಮೋಗ್ಲೋಬಿನ್ ಹೆಚ್ಚು. ಕೆಲವರಿಗೆ ಅದೇ ದೀರ್ಘಕಾಲದ ಪರ್ವತರೋಗವಾಗಿ ಕಾಡುತ್ತದೆ.

ನಿಮಗೆ ಇದರ ಅರ್ಥವೇನು?

ಅವರಿಗೆ ಸಾವಿರಾರು ವರ್ಷ ಸಿಕ್ಕಿತು. ನಿಮಗಿರುವುದು ಕೆಲವೇ ದಿನ. ಉಸಿರಾಟ ಕೂಡಲೇ ಹೆಚ್ಚುತ್ತದೆ, ಆದರೆ ಕೆಂಪು ರಕ್ತಕಣಗಳು ಹೆಚ್ಚಲು ವಾರಗಳು ಬೇಕು. ವಯಸ್ಸು ಚಿಕ್ಕದು, ದಿನವೂ ಜಿಮ್‌ಗೆ ಹೋಗುತ್ತೇನೆ ಎಂಬುದು ರಕ್ಷಣೆಯಲ್ಲ. ಆದ್ದರಿಂದ:

• ವಿಮಾನದಲ್ಲಿ ಲೇಹ್ ತಲುಪಿದರೆ ಮೊದಲ ಎರಡು ದಿನ ವಿಶ್ರಾಂತಿ ಪಡೆಯಿರಿ.
• 3,000 ಮೀಟರ್ ದಾಟಿದ ಮೇಲೆ, ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ. ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಒಂದು ದಿನ ನಿಲ್ಲಿ.
• ಮದ್ಯ, ನಿದ್ರೆ ಮಾತ್ರೆ ಬೇಡ.
• ಹೃದಯ ಅಥವಾ ಶ್ವಾಸಕೋಶದ ಕಾಯಿಲೆ, ಕುಡಗೋಲು ಕಣ ರೋಗ (ಸಿಕಲ್ ಸೆಲ್) ಇದ್ದವರು ಮತ್ತು ಗರ್ಭಿಣಿಯರು ಟಿಕೆಟ್ ಮಾಡಿಸುವ ಮೊದಲೇ ವೈದ್ಯರನ್ನು ಕಾಣಿ. ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬೇಡಿ.

ಜೊತೆಗಿರುವವರು ಗಮನಿಸಬೇಕಾದ್ದು

ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಮತ್ತೆ ಮೇಲೇರಬಾರದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ತುಟಿ ನೀಲಿಗಟ್ಟುವುದು, ನಡೆಯುವಾಗ ತೂರಾಡುವುದು, ಗೊಂದಲದ ಮಾತು ಇವು ಜೀವಕ್ಕೇ ಅಪಾಯದ ಲಕ್ಷಣ. ಬೆಳಗಾಗಲಿ ಎಂದು ಕಾಯಬೇಡಿ. ಆಮ್ಲಜನಕ ಸಿಕ್ಕರೆ ಕೊಡಿ, ಕೂಡಲೇ ಕೆಳಗಿಳಿಸಿ, ಆಸ್ಪತ್ರೆಗೆ ಸೇರಿಸಿ. ಗೊಂದಲದಲ್ಲಿರುವವರು "ನನಗೇನೂ ಆಗಿಲ್ಲ" ಎನ್ನಬಹುದು. ಆ ಹೊತ್ತಿನಲ್ಲಿ ನಿರ್ಧಾರ ನಿಮ್ಮದಾಗಿರಲಿ.