ಮುಸುಕಿನ ಜೋಳದ ಸಾರಜನಕ ಲೆಕ್ಕದಲ್ಲಿ ಮಣ್ಣಿನ ಪಾಲು: ಮೊರೊ ಪ್ರಯೋಗಕ್ಷೇತ್ರದ ಸಾಕ್ಷ್ಯ

ರಾಸಾಯನಿಕ ಗೊಬ್ಬರದ ಚರಿತ್ರೆಯನ್ನು ಬರೆಯುವವರು ಅದನ್ನು ಸಾಮಾನ್ಯವಾಗಿ ಕಾರ್ಖಾನೆಯ ಚರಿತ್ರೆಯೆಂದೇ ಭಾವಿಸುತ್ತಾರೆ. ೧೯೧೩ರಲ್ಲಿ ಜರ್ಮನಿಯ ಓಪ್ಪೌ ಸ್ಥಾವರವು ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸತೊಡಗಿದುದು, ಎರಡನೆಯ ಮಹಾಯುದ್ಧದಲ್ಲಿ ಸ್ಫೋಟಕಗಳಿಗಾಗಿ ಅಮೆರಿಕ ಕಟ್ಟಿದ ಸ್ಥಾವರಗಳು ಯುದ್ಧಾನಂತರ ಗೊಬ್ಬರದ ಕಡೆಗೆ ತಿರುಗಿದುದು, ಇವೇ ಅದರ ಮುಖ್ಯ ಘಟನೆಗಳು. ಈ ಕಥನದಲ್ಲಿ ಮಣ್ಣು ಗೊಬ್ಬರವನ್ನು ಹಿಡಿದಿಡುವ ಬರಿಯ ಪಾತ್ರೆಯಾಗಿಬಿಡುತ್ತದೆ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಇಲಿನಾಯ್ ವಿಶ್ವವಿದ್ಯಾನಿಲಯದ ಮೊರೊ ಪ್ರಯೋಗಕ್ಷೇತ್ರವು ೧೮೭೬ರಲ್ಲಿ ಆರಂಭವಾಯಿತು. ಅಮೆರಿಕದಲ್ಲಿ ಇಷ್ಟು ಹಳೆಯದಾದ ಕೃಷಿ ಪ್ರಯೋಗ ಇನ್ನೊಂದಿಲ್ಲ. ಹುಲ್ಲುಗಾವಲಿನ ಕಪ್ಪು ಮಣ್ಣಿನ ಈ ನೆಲದ ಒಂದು ಭಾಗದಲ್ಲಿ ವರ್ಷವರ್ಷವೂ ಮುಸುಕಿನ ಜೋಳವನ್ನೇ ಬೆಳೆದರು. ಉಳಿದೆಡೆ ಅದನ್ನು ಓಟ್ಸ್, ಕ್ಲೋವರ್ ಮೇವುಗಳೊಡನೆ ಸರದಿಯಲ್ಲಿ ಬಿತ್ತಿದರು. ೧೯೦೪ರಿಂದ ಅರ್ಧಭಾಗಕ್ಕೆ ಕೊಟ್ಟಿಗೆ ಗೊಬ್ಬರ, ಸುಣ್ಣ, ರಂಜಕಗಳು ದೊರೆತವು. ನಮ್ಮ ಶಾಸನಗಳಂತೆ ಇಲ್ಲಿಯೂ ಆರಂಭದ ಸಾಲುಗಳು ಲುಪ್ತವಾಗಿವೆ. ಪ್ರಕಟವಾದ ಇಳುವರಿಯ ಲೆಕ್ಕ ತೊಡಗುವುದು ೧೮೮೮ರಿಂದ. ಆದರೂ ಏನನ್ನೂ ಹಾಕದೆ ಬಿಟ್ಟ ತುಂಡಿನ ಸಾಕ್ಷ್ಯ ಸ್ಪಷ್ಟವಾಗಿದೆ. ಅಲ್ಲಿ ಇಳುವರಿ ಬಹಳವಾಗಿ ಕುಸಿಯಿತು, ಆದರೆ ನಿಲ್ಲಲಿಲ್ಲ. ಆ ಬೆಳೆಗೆ ದೊರೆತ ಸಾರಜನಕವೆಲ್ಲ ಬಹುತೇಕ ಮಣ್ಣಿನದೇ.

ಅಲ್ಲಿಯ ಸಸ್ಯಕೃಷಿ ವಿಭಾಗದ ಮುಖ್ಯಸ್ಥರಾಗಿದ್ದ ಸಿರಿಲ್ ಹಾಪ್ಕಿನ್ಸರು ೧೯೧೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಾರಜನಕವನ್ನು ರೈತನು ಕೊಳ್ಳಬೇಕಾಗಿಲ್ಲ, ದ್ವಿದಳ ಸಸ್ಯಗಳ ಮೂಲಕ ಗಾಳಿಯಿಂದಲೇ ಪಡೆಯಬಹುದೆಂದು ವಾದಿಸಿದರು. ೧೯೫೫ರಲ್ಲಿ ಬಡವಾದ ತುಂಡುಗಳ ಒಂದಂಶಕ್ಕೆ ಸುಣ್ಣದೊಡನೆ ರಾಸಾಯನಿಕ ಗೊಬ್ಬರವನ್ನು ಹಾಕಿದಾಗ ಇಳುವರಿ ಬೇಗನೆ ಮೇಲೇರಿತು. ಹಾಪ್ಕಿನ್ಸರ ವಾದ ಮರೆಯಾದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ನಾವು ವಿಶೇಷವಾಗಿ ಗಮನಿಸಬೇಕಾದುದು ಮುಂದಿನ ಹೆಜ್ಜೆಯನ್ನು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ಜಾರ್ಜ್ ಸ್ಟ್ಯಾನ್‌ಫರ್ಡರು ೧೯೭೩ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ಬೆಳೆಗೆ ಬೇಕಾದ ಸಾರಜನಕದಿಂದ ಮಣ್ಣು ಕೊಡುವುದನ್ನು ಕಳೆದು, ಉಳಿದುದನ್ನು ಗೊಬ್ಬರದಲ್ಲಿ ಬೆಳೆ ಹೀರುವ ಅಂಶದಿಂದ ಭಾಗಿಸಬೇಕು. ಈ ಸೂತ್ರದಲ್ಲಿ ಮಣ್ಣಿಗೆ ತಕ್ಕ ಸ್ಥಾನವಿತ್ತು. ಸಲಹೆಗಾರರ ಕೈಯಲ್ಲಿ ಅದು ಸರಳವಾಗುತ್ತ ಬಂದು, ನಿರೀಕ್ಷಿತ ಇಳುವರಿಯ ಪ್ರತಿ ಬುಷೆಲಿಗೆ ೧.೨ ಪೌಂಡು ಎಂಬ ನಿಯಮವಷ್ಟೇ ಉಳಿಯಿತು: ಎಕರೆಗೆ ೧೫೦ ಬುಷೆಲ್ ಬಯಸುವವನು ೧೮೦ ಪೌಂಡು ಹಾಕಬೇಕು. ಹಿಂದಿನ ಬೆಳೆ ದ್ವಿದಳವಾಗಿದ್ದರೆ ಸ್ವಲ್ಪ ಕಡಿತವಿತ್ತು, ನಿಜ. ಮಣ್ಣಿನ ಸ್ವಂತ ಕೊಡುಗೆಗೆ ಮಾತ್ರ ಹೆಚ್ಚಿನೆಡೆಗಳಲ್ಲಿ ಪ್ರತ್ಯೇಕ ಅಂಕಿ ಇರಲಿಲ್ಲ. ಸೂತ್ರಕಾರನ ತಪ್ಪಲ್ಲದುದನ್ನು ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಗೊಬ್ಬರ ಅಗ್ಗವಾಗಿದ್ದ ಕಾಲದಲ್ಲಿ ಕಳೆಯುವ ಶ್ರಮ ಯಾರಿಗೂ ಬೇಕಾಗಿರಲಿಲ್ಲ.

ಮಣ್ಣುಗಳಾದರೋ ಒಂದೇ ಬಗೆಯವಲ್ಲ. ಸಾವಯವ ಅಂಶ ಹೆಚ್ಚಿರುವ ಕಪ್ಪು ಮಣ್ಣು ಬೇಸಗೆಯ ಶಾಖದಲ್ಲಿ ತಾನೇ ಸಾರಜನಕವನ್ನು ಬಿಡುಗಡೆ ಮಾಡುತ್ತದೆ. ಮರಳು ಮಣ್ಣಿನಿಂದ ನೈಟ್ರೇಟು ಮಳೆನೀರಿನೊಡನೆ ಬೇರಿನಾಚೆಗೆ ಇಳಿದುಹೋಗುತ್ತದೆ. ನೀರು ನಿಲ್ಲುವ ಜೇಡಿಯಲ್ಲಿ ಅದು ಅನಿಲವಾಗಿ ಹಾರುತ್ತದೆ. ಅಮೆರಿಕದ ಜೋಳದ ಸೀಮೆಯ ರೈತರ ಹೊಲಗಳಲ್ಲಿ ನಡೆಸಿ ೨೦೦೨ರಲ್ಲಿ ಪ್ರಕಟಿಸಿದ ಅಳತೆಯಲ್ಲಿ, ಹಾಕಿದ ಸಾರಜನಕದ ಸರಾಸರಿ ಶೇಕಡ ೩೭ರಷ್ಟನ್ನು ಮಾತ್ರ ಬೆಳೆ ಹೀರಿತ್ತು. ಉಳಿದುದೆಲ್ಲ ನಷ್ಟವಾಯಿತೆಂದಲ್ಲ, ಕೆಲಭಾಗ ಮಣ್ಣಿನಲ್ಲೇ ಸೇರಿರುತ್ತದೆ. ಆದರೆ ನದಿಗಳ ಮೂಲಕ ಮೆಕ್ಸಿಕೊ ಕೊಲ್ಲಿಯನ್ನು ಸೇರಿದ ಭಾಗವೂ ಚಿಕ್ಕದಲ್ಲ.

೨೦೦೬ರಲ್ಲಿ ಆ ಸೀಮೆಯ ಹಲವು ರಾಜ್ಯಗಳ ವಿದ್ವಾಂಸರು ಕೂಡಿ, ನಿರೀಕ್ಷಿತ ಇಳುವರಿಯ ನಿಯಮವನ್ನು ಬಿಟ್ಟು, ಹೊಲಗಳಲ್ಲಿ ನಡೆದ ನೂರಾರು ಪ್ರಯೋಗಗಳಿಂದ ಹೆಚ್ಚು ಲಾಭ ತರುವ ಪ್ರಮಾಣವನ್ನು ಕಂಡುಕೊಳ್ಳುವ ಪದ್ಧತಿಯನ್ನು ವಿವರಿಸಿದರು. ವಿಸ್ಕಾನ್ಸಿನ್ ರಾಜ್ಯವು ಮರಳು ಮಣ್ಣಿಗೂ ಫಲವತ್ತಾದ ಮಣ್ಣಿಗೂ ಬೇರೆ ಬೇರೆ ಪ್ರಮಾಣಗಳನ್ನಿಟ್ಟಿತು. ಮರುವರ್ಷವೇ ಇಲಿನಾಯ್ ಸಂಶೋಧಕರು ಮೊರೊ ಕ್ಷೇತ್ರದ ಮಣ್ಣಿನ ಮಾದರಿಗಳನ್ನು ಪರೀಕ್ಷಿಸಿ, ದಶಕಗಳ ಸಾರಜನಕ ಗೊಬ್ಬರವು ಮಣ್ಣಿನ ಇಂಗಾಲವನ್ನು ಹೆಚ್ಚಿಸುವ ಬದಲು ಕ್ಷಯಿಸಿತೆಂದು ವಾದಿಸಿದರು. ಇತರ ಮಣ್ಣುವಿಜ್ಞಾನಿಗಳು ಇದನ್ನು ತೀವ್ರವಾಗಿ ಆಕ್ಷೇಪಿಸಿದರು. ಇಳಿಕೆಗೆ ಉಳುಮೆಯೇ ಮೊದಲಾದ ಬೇರೆ ಕಾರಣಗಳಿರಬಹುದೆಂಬ ಅವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಎರಡು ಪಕ್ಷಗಳೂ ಕಲಹಕ್ಕೆ ಇಳಿದುದು ಮಣ್ಣಿನ ಲೆಕ್ಕದ ಮೇಲೆಯೇ.