ಓಮದ ಕಾಳು ಮತ್ತು ನಮ್ಮ ಸೀಮೆ

ಊಟದ ಕೊನೆಗೆ ಬಾಯಿಗೆ ಬೀಳುವ ಸೋಂಪು ಮತ್ತು ಹೊಟ್ಟೆನೋವಿನಲ್ಲಿ ನೆನಪಾಗುವ ಓಮ ಒಂದೇ ಸಸ್ಯಕುಲಕ್ಕೆ ಸೇರಿದವು. ಜೀರಿಗೆ, ಕೊತ್ತಂಬರಿ, ಸಬ್ಬಸಿಗೆಗಳು ಇವುಗಳ ದಾಯಾದಿಗಳು. ಸೋಂಪಿನ ಸಿಹಿಗಂಧಕ್ಕೆ ಅನೆಥೋಲ್ ಎಂಬ ಅಂಶವೂ ಓಮದ ಖಾರಕ್ಕೆ ಥೈಮಾಲ್ ಎಂಬ ಅಂಶವೂ ಕಾರಣ. ಸೋಂಪು ನಮಗೆ ಅಂಗಡಿಯ ಸರಕು. ಓಮವಾದರೋ ಕರ್ನೂಲು ಜಿಲ್ಲೆಯ ಎರೆಹೊಲಗಳಲ್ಲಿ ಬೆಳೆದು ಕರ್ನೂಲಿನ ಮಾರುಕಟ್ಟೆಗೆ ಬರುವ ಬೆಳೆ. ಆದುದರಿಂದ ಅದರ ಚರಿತ್ರೆ ನಮ್ಮದೂ ಹೌದು.

ಆಯುರ್ವೇದವು ಓಮವನ್ನು ಯವಾನಿ ಎಂದು ಕರೆದು ಹಸಿವನ್ನು ಹೆಚ್ಚಿಸುವ, ಅನ್ನವನ್ನು ಜೀರ್ಣಿಸುವ ದ್ರವ್ಯಗಳಲ್ಲಿ ಎಣಿಸಿದೆ. ಬಾಣಂತಿಯ ಪಥ್ಯದಲ್ಲಿಯೂ ಹೊಟ್ಟೆಯುಬ್ಬರದ ಕಷಾಯದಲ್ಲಿಯೂ ಅದಕ್ಕೆ ಸ್ಥಾನವಿದೆ. ಓಮವನ್ನು ಕುದಿಸುವಾಗ ಪಾತ್ರೆಗೆ ಮುಚ್ಚಳ ಮುಚ್ಚಬೇಕೆಂಬ ಹಿರಿಯರ ಮಾತಿನಲ್ಲಿ ಶಾಸ್ತ್ರವಿದೆ: ಅದರ ತೈಲ ಆವಿಯೊಡನೆ ಹಾರಿಹೋಗುತ್ತದೆ. ಆ ಆವಿಯನ್ನೇ ಹಿಡಿದು ತಣಿಸಿದರೆ ದೊರೆಯುವುದು ಓಮದ ನೀರು.

ತೈಲವನ್ನು ತಣ್ಣಗಾಗಿಸಿದಾಗ ಮೂಡುವ ಹರಳುಗಳನ್ನು ಪೇಟೆಗಳಲ್ಲಿ ‘ಅಜವಾನದ ಹೂವು’ ಎಂದು ಮಾರುತ್ತಿದ್ದರು. ಅದು ಥೈಮಾಲ್ ಎಂಬುದನ್ನು 19ನೆಯ ಶತಮಾನದ ನಡುವಿನಲ್ಲಿ ರಸಾಯನಜ್ಞರು ಗುರುತಿಸಿದರು. ಮುಂದೆ ಅದು ಗಾಯ ಕೊಳೆಯದಂತೆ ತಡೆಯುವ ಮದ್ದಾಯಿತು, ಕೊಕ್ಕೆಹುಳುವಿನ ಔಷಧಿಯೂ ಆಯಿತು. ಆದರೆ ಲಾಭ ಬೆಳೆದವನಿಗೆ ದಕ್ಕಲಿಲ್ಲ. ಭಾರತದ ಕಾಳು ಹಡಗೇರಿ ಜರ್ಮನಿಗೆ ಹೋಗುತ್ತಿತ್ತು. ಥೈಮಾಲ್ ಅಲ್ಲಿ ತಯಾರಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ದಾರಿ ಮುಚ್ಚಿತು. ಆಗ ಇಲ್ಲಿಯೇ ಅದನ್ನು ತಯಾರಿಸುವ ಪ್ರಯತ್ನಗಳು ನಡೆದವು. ಅನಂತರ ಕೃತಕ ಥೈಮಾಲ್ ಬಂದು ಕಾಳಿನ ಆ ಬೇಡಿಕೆಯನ್ನು ಕುಗ್ಗಿಸಿತು.

ಕಾಳು ಉಳಿಯಿತು, ಅದರ ಹೆಸರಿನ ಪಾಡೇನು? 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಪೇಟೆಯ ಚೀಟಿಯಲ್ಲಿ ಅದು ‘ವಾಮು’. ಅಡುಗೆಮನೆಯಲ್ಲಿ ಮಾತ್ರ ಇನ್ನೂ ‘ಓಮ’. ಎರಡೂ ನಮ್ಮ ನೆಲದ ಮಾತುಗಳೇ, ದ್ವೇಷಕ್ಕೆ ಎಡೆಯಿಲ್ಲ. ಆದರೆ ‘ಓಮ’ ಎಂಬ ಮಾತು ಮರೆತರೆ ಅದರೊಡನೆ ಕಷಾಯದ ಹದ, ಪಥ್ಯದ ಕ್ರಮ, ಮುಚ್ಚಳದ ಎಚ್ಚರ ಎಲ್ಲವೂ ಮರೆಯಾಗುತ್ತವೆ. ಸಂಘದ ಪ್ರತಿಯೊಂದು ಮನೆಯವರೂ ತಮ್ಮ ಹಿರಿಯರಿಂದ ಇವನ್ನು ಕೇಳಿ, ಅವರ ಮಾತಿನಲ್ಲಿಯೇ ಬರೆದಿಡಲಿ. ಕಾಳನ್ನು ಕಳುಹಿಸಿ ಕಳೆದುಕೊಂಡದ್ದು ಸಾಕು. ತಿಳಿವಳಿಕೆಯನ್ನಾದರೂ ಮನೆಯಲ್ಲಿ ಉಳಿಸಿಕೊಳ್ಳೋಣ.