ಕೊರೆತ

ಕೊರೆತ (ನಾಮಪದ): ನೀರಿನ ಹೊಡೆತಕ್ಕೆ ದಡದ ಮಣ್ಣು ಸವೆದು ಕುಸಿಯುವುದು.

‘ಕೊರೆ’ ಧಾತುವಿಗೆ ‘ತ’ ಪ್ರತ್ಯಯ ಸೇರಿ ಆದ ಅಚ್ಚಗನ್ನಡ ಪದ. ಕುಣಿತ, ಸೆಳೆತಗಳ ಹಾಗೆ. ‘ಕೊರಕಲು’ ಇದರ ಒಡಹುಟ್ಟು. ಕರಾವಳಿಯಲ್ಲಿ ‘ಕಡಲ್ಕೊರೆತ’ ಮಳೆಗಾಲದ ಸುದ್ದಿಪದ.

ಬಯಲಿನ ನದಿಗೂ ಈ ಪದ ಸಲ್ಲುತ್ತದೆ. ತಿರುವಿನ ಹೊರದಡದಲ್ಲಿ ನೀರಿನ ವೇಗ ಹೆಚ್ಚು; ಅದು ದಡದ ಬುಡವನ್ನು ಕೊರೆದಂತೆ ಮೇಲಿನ ಮಣ್ಣು ಹೆಂಟೆಹೆಂಟೆಯಾಗಿ ಕಳಚಿ ಬೀಳುತ್ತದೆ. ಒಳದಡದಲ್ಲಿ ವೇಗ ತಗ್ಗಿ ಮರಳು ನಿಲ್ಲುತ್ತದೆ. ಡೊಂಕು ಬೆಳೆಯುತ್ತ ನದಿಯೇ ಜಾಗ ಬದಲಿಸುತ್ತದೆ. ಬ್ರಹ್ಮಪುತ್ರದ ಮಾಜುಲಿ ದ್ವೀಪ ದಡ ಕೊರೆತದಿಂದ ಕಿರಿದಾಗುತ್ತ ಬಂದಿದೆ.

ನೆರೆ ಇಳಿದರೆ ಗದ್ದೆ ಮತ್ತೆ ಕಾಣುತ್ತದೆ. ಕೊರೆತಕ್ಕೆ ಹೋದ ಗದ್ದೆ ರೈತನಿಗೆ ಮರಳುವುದಿಲ್ಲ. ಪರಿಹಾರದ ಲೆಕ್ಕದಲ್ಲಿ ಎರಡನ್ನೂ ಒಂದೇ ಎಂದು ಬರೆಯಬಾರದು.